ತಾಯಿ ಇಲಿಯ ಅಕ್ಕರೆ ಮತ್ತು ಆಕ್ರೋಶ: ಮಿದುಳಿನ ಹಾರ್ಮೋನುಗಳ ಪಾತ್ರ

ಕರು ಹಾಕಿದ ಹಸುವಿನ ಬಳಿಗೆ ಹೊಸಬರು ಹೋಗಬಾರದು, ಈದ ಬೆಕ್ಕಿನ ಮರಿಗಳನ್ನು ಮುಟ್ಟಬಾರದು ಎಂಬುದು ಹಳ್ಳಿಯ ಮನೆಗಳಲ್ಲಿ ಮಕ್ಕಳಿಗೂ ತಿಳಿದಿರುವ ಸಂಗತಿ. ನಿನ್ನೆಯವರೆಗೆ ಯಾರು ಬೇಕಾದರೂ ಮೈ ಸವರಬಹುದಾಗಿದ್ದ ಸಾಧು ಹಸು ಇಂದು ಕೊಂಬು ತಗ್ಗಿಸಿ ಹಾಯಲು ಬರುತ್ತದೆ. ಮರುಗಳಿಗೆಯಲ್ಲಿಯೇ ಹಿಂದಿರುಗಿ ಕರುವಿನ ಮೈ ನೆಕ್ಕತೊಡಗುತ್ತದೆ. ಒಂದೇ ಜೀವಿಯಲ್ಲಿ, ಒಂದೇ ಹೊತ್ತಿನಲ್ಲಿ ಇಷ್ಟೊಂದು ಅಕ್ಕರೆ ಮತ್ತು ಇಷ್ಟೊಂದು ಆಕ್ರೋಶ ಹೇಗೆ ಕೂಡಿ ಇರಬಲ್ಲವು? ಇವೆರಡೂ ಒಂದೇ ಮೂಲದಿಂದ ಹೊರಡುವವೇ ಅಥವಾ ಬೇರೆ ಬೇರೆಯೇ? ಬಹುಕಾಲ ಕವಿಗಳ ಮತ್ತು ನೀತಿಕಾರರ ಪಾಲಿಗೆ ಬಿಟ್ಟಿದ್ದ ಈ ಪ್ರಶ್ನೆ 20ನೆಯ ಶತಮಾನದಲ್ಲಿ ಪ್ರಯೋಗಾಲಯದೊಳಕ್ಕೆ ಬಂದಿತು. ಅದಕ್ಕೆ ಉತ್ತರ ಹುಡುಕುವ ಕಾರ್ಯದಲ್ಲಿ ವಿಜ್ಞಾನಿಗಳಿಗೆ ಹೆಚ್ಚು ನೆರವಾದ ಪ್ರಾಣಿ ಹಸುವೂ ಅಲ್ಲ, ಹುಲಿಯೂ ಅಲ್ಲ, ಇಲಿ.

ಇಲಿ, ಹೆಗ್ಗಣ, ಅಳಿಲು ಮೊದಲಾಗಿ ಬಾಚಿಹಲ್ಲುಗಳಿಂದ ಕಡಿದು ತಿನ್ನುವ ಪ್ರಾಣಿಗಳ ಗುಂಪಿಗೆ ದಂಶಕಗಳೆಂದು ಹೆಸರು. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಸಾಕುವುದು ಎರಡು ಬಗೆಯ ದಂಶಕಗಳನ್ನು: ಕಂದು ಇಲಿಯ ಸಂತತಿಗೆ ಸೇರಿದ ಬಿಳಿ ಇಲಿ ಮತ್ತು ಅದಕ್ಕಿಂತ ಬಹಳ ಚಿಕ್ಕದಾದ ಸುಂಡಿಲಿ. ಇವುಗಳ ಗರ್ಭಾವಧಿ ಸುಮಾರು ಮೂರು ವಾರಗಳು ಮಾತ್ರ. ಹುಟ್ಟಿದ ಮರಿಗಳಿಗೆ ಕಣ್ಣು ತೆರೆದಿರುವುದಿಲ್ಲ, ಮೈಮೇಲೆ ಕೂದಲಿರುವುದಿಲ್ಲ. ದೇಹದ ಶಾಖವನ್ನು ತಾವಾಗಿ ಕಾಪಾಡಿಕೊಳ್ಳುವ ಶಕ್ತಿಯೂ ಇಲ್ಲ. ತಾಯಿ ನೆಕ್ಕಿ ಪ್ರಚೋದಿಸದಿದ್ದರೆ ಅವು ಮೂತ್ರ ವಿಸರ್ಜನೆಯನ್ನು ಸಹ ಮಾಡಲಾರವು. ಆದುದರಿಂದ ಚೊಚ್ಚಲ ಹೆರಿಗೆಯ ಇಲಿಯೂ ಯಾರಿಂದಲೂ ಕಲಿಯದೆ, ಹೆತ್ತ ಕ್ಷಣದಿಂದಲೇ ಹಲವು ಕೆಲಸಗಳನ್ನು ತಪ್ಪಿಲ್ಲದೆ ಮಾಡಬೇಕಾಗುತ್ತದೆ. ಗೂಡು ಕಟ್ಟುವುದು, ಗೂಡಿನಿಂದ ಹೊರಕ್ಕೆ ಉರುಳಿದ ಮರಿಯನ್ನು ಬಾಯಲ್ಲಿ ಕಚ್ಚಿ ತರುವುದು, ಮರಿಗಳ ಮೈ ನೆಕ್ಕುವುದು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಅವುಗಳ ಮೇಲೆ ನಿಂತು ಹಾಲೂಡಿಸುವುದು, ಇವೆಲ್ಲವೂ ಕಣ್ಣಿಗೆ ಕಾಣುವ, ಗಡಿಯಾರ ಹಿಡಿದು ಅಳೆಯಬಹುದಾದ ಕ್ರಿಯೆಗಳು. ಮಮತೆಯನ್ನು ಅಳೆಯುವ ಮಾನದಂಡವಿಲ್ಲ. ಆದರೆ ಚೆದುರಿಸಿಟ್ಟ ಮರಿಗಳನ್ನು ಗೂಡಿಗೆ ಸೇರಿಸಲು ತಾಯಿ ತೆಗೆದುಕೊಂಡ ನಿಮಿಷಗಳನ್ನು ಎಣಿಸಬಹುದು. ಈ ವಿಷಯದ ವಿಜ್ಞಾನ ನಿಂತಿರುವುದೇ ಇಂತಹ ಎಣಿಕೆಯ ಮೇಲೆ.

ಮರಿಗಳಿಗೆ ಹೆದರುವ ಹೆಣ್ಣು ಇಲಿ

ಎಂದೂ ಮರಿ ಹಾಕದ ಹೆಣ್ಣು ಇಲಿಯ ಪಂಜರದಲ್ಲಿ ನವಜಾತ ಮರಿಗಳನ್ನು ಇಟ್ಟರೆ ಅದು ಅವುಗಳನ್ನು ಎತ್ತಿಕೊಳ್ಳುವುದಿಲ್ಲ. ದೂರದಿಂದ ಮೂಸಿ ನೋಡಿ ಪಂಜರದ ಇನ್ನೊಂದು ಮೂಲೆಗೆ ಸರಿಯುತ್ತದೆ. ಕೆಲವೊಮ್ಮೆ ಮರಿಗಳನ್ನು ಕೊಂದು ತಿನ್ನುವುದೂ ಉಂಟು. ಹೆಣ್ಣಾಗಿ ಹುಟ್ಟಿದ ಮಾತ್ರಕ್ಕೆ ಮರಿಗಳ ಮೇಲೆ ಪ್ರೀತಿ ತಾನಾಗಿ ಉಕ್ಕುವುದಿಲ್ಲ ಎಂಬ ಈ ಸಂಗತಿ, ತಾಯ್ತನದ ಬಗ್ಗೆ ರೂಢಿಯಲ್ಲಿರುವ ಅನೇಕ ಮಾತುಗಳಿಗೆ ವಿರುದ್ಧವಾಗಿದೆ.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ರಟ್ಗರ್ಸ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಗಳ ವರ್ತನೆಯನ್ನು ಅಭ್ಯಸಿಸುತ್ತಿದ್ದ ಜೇ ರೋಸೆನ್‌ಬ್ಲಾಟ್ 1967ರಲ್ಲಿ ಒಂದು ಸರಳ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಮರಿ ಹಾಕದ ಇಲಿಗಳ ಪಂಜರದಲ್ಲಿ ಎಳೆಯ ಮರಿಗಳನ್ನು ಇಡಲಾಯಿತು. ಆ ಇಲಿಗಳಿಗೆ ಹಾಲಿಲ್ಲವಾದ್ದರಿಂದ ಪ್ರತಿದಿನವೂ ಹಳೆಯ ಮರಿಗಳನ್ನು ತೆಗೆದು, ತಾಯಿಯ ಹಾಲು ಕುಡಿದು ಬಂದ ಬೇರೆ ಮರಿಗಳನ್ನು ಇಡಬೇಕಾಗಿತ್ತು. ಮೊದಲ ಕೆಲವು ದಿನ ಹಿಂಜರಿದ ಇಲಿಗಳು ಸುಮಾರು ಒಂದು ವಾರದೊಳಗೆ ಮರಿಗಳನ್ನು ಬಾಯಲ್ಲಿ ಎತ್ತಿ ತಂದು, ನೆಕ್ಕಿ, ಹಾಲಿಲ್ಲದಿದ್ದರೂ ಹಾಲೂಡಿಸುವ ಭಂಗಿಯಲ್ಲಿ ನಿಲ್ಲತೊಡಗಿದವು. ಅಂಡಾಶಯವನ್ನು ತೆಗೆದುಹಾಕಿದ್ದ ಇಲಿಗಳೂ ಹೀಗೆಯೇ ಮಾಡಿದವು. ಗಂಡು ಇಲಿಗಳೂ ಮಾಡಿದವು. ಅಂದರೆ ಮರಿಗಳನ್ನು ಸಾಕಲು ಬೇಕಾದ ನರವ್ಯವಸ್ಥೆಯು ಗಂಡು ಹೆಣ್ಣೆನ್ನದೆ ಇಲಿಗಳ ಮಿದುಳಿನಲ್ಲಿ ಸಿದ್ಧವಾಗಿಯೇ ಇರುತ್ತದೆ; ಗರ್ಭಧಾರಣೆಯ ಹಾರ್ಮೋನುಗಳಿಲ್ಲದೆಯೂ, ಮರಿಗಳ ಸಹವಾಸ ಮಾತ್ರದಿಂದಲೇ, ಅದು ಎಚ್ಚರಗೊಳ್ಳಬಲ್ಲದು. ಆದರೆ ಒಂದು ವಾರ ಕಾಯುವಷ್ಟು ಬಿಡುವು ನವಜಾತ ಮರಿಗೆ ಇಲ್ಲ. ಹೆತ್ತ ತಾಯಿಯಲ್ಲಿ ಅದೇ ವರ್ತನೆ ಹೆರಿಗೆಯಾಗುತ್ತಿರುವಂತೆಯೇ ಕಾಣಿಸಿಕೊಳ್ಳುತ್ತದೆ. ಒಂದು ವಾರದ ಈ ಹಿಂಜರಿಕೆಯನ್ನು ಕ್ಷಣಕ್ಕೆ ಇಳಿಸುವ ಶಕ್ತಿ ಯಾವುದು?

ಅದು ರಕ್ತದಲ್ಲಿ ಹರಿಯುವ ಯಾವುದೋ ದ್ರವ್ಯವಿರಬೇಕೆಂಬ ಊಹೆಯನ್ನು ಜೋಸೆಫ್ ಟರ್ಕೆಲ್ ಮತ್ತು ರೋಸೆನ್‌ಬ್ಲಾಟ್ ಪರೀಕ್ಷೆಗೆ ಒಡ್ಡಿದರು. ಆಗತಾನೆ ಹೆತ್ತ ಇಲಿ ಮತ್ತು ಮರಿ ಹಾಕದ ಇಲಿ, ಇವೆರಡನ್ನೂ ಸಣ್ಣ ಕೊಳವೆಗಳಿಂದ ಜೋಡಿಸಿ, ಎರಡೂ ಪಂಜರಗಳಲ್ಲಿ ಸರಾಗವಾಗಿ ಓಡಾಡಿಕೊಂಡಿರುವಂತೆಯೇ ಒಂದರ ರಕ್ತ ಇನ್ನೊಂದಕ್ಕೆ ಹರಿಯುವ ಏರ್ಪಾಡು ಮಾಡಿದರು. 1972ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ, ತಾಯಿಯ ರಕ್ತ ಪಡೆದ ಇಲಿಗಳು ಸುಮಾರು 15 ಗಂಟೆಗಳೊಳಗೆ ಮರಿಗಳನ್ನು ಸಾಕತೊಡಗಿದವು. ಹೆರಿಗೆಗೆ 24 ಗಂಟೆ ಮೊದಲು ಅಥವಾ 24 ಗಂಟೆ ಅನಂತರ ತೆಗೆದ ರಕ್ತಕ್ಕೆ ಮಾತ್ರ ಆ ಗುಣವಿರಲಿಲ್ಲ. ಹೆರಿಗೆಯ ಆಸುಪಾಸಿನ ಕೆಲವೇ ಗಂಟೆಗಳ ಕಾಲ ತೆರೆದಿರುವ ಒಂದು ಬಾಗಿಲು ಅದು.

ಆ ದ್ರವ್ಯ ಒಂದಲ್ಲ, ಹಲವು. ಬಸುರಿನ ಹೆಚ್ಚಿನ ಕಾಲ ರಕ್ತದಲ್ಲಿ ಮೇಲುಮಟ್ಟದಲ್ಲಿದ್ದ ಪ್ರೊಜೆಸ್ಟರಾನ್ ಹೆರಿಗೆಗೆ ಮುನ್ನ ಥಟ್ಟನೆ ಇಳಿಯುತ್ತದೆ. ಅದೇ ವೇಳೆಗೆ ಅಂಡಾಶಯದ ಈಸ್ಟ್ರೋಜನ್ ಮತ್ತು ಪಿಟ್ಯುಟರಿ ಗ್ರಂಥಿಯ ಪ್ರೊಲ್ಯಾಕ್ಟಿನ್ ಏರುತ್ತವೆ. ಹೆರಿಗೆಯ ನೋವು ಆರಂಭವಾದಾಗ ಆಕ್ಸಿಟೋಸಿನ್ ಬಿಡುಗಡೆಯಾಗುತ್ತದೆ. ಇವುಗಳಲ್ಲಿ ಯಾವುದೊಂದೂ ತಾನೊಂದೇ ಪೂರ್ಣ ಫಲ ನೀಡುವುದಿಲ್ಲ. ಇಳಿತ ಮತ್ತು ಏರಿಕೆಗಳು ತಕ್ಕ ಕ್ರಮದಲ್ಲಿ ನಡೆಯಬೇಕು. ಅಡುಗೆಯಲ್ಲಿ ಒಗ್ಗರಣೆಯ ಸಾಮಗ್ರಿಗಳಂತೆ ಇಲ್ಲಿಯೂ ಮೊದಲು ಯಾವುದು, ಆಮೇಲೆ ಯಾವುದು ಎಂಬುದಕ್ಕೆ ಬೆಲೆಯಿದೆ.

ಈ ಹಾರ್ಮೋನುಗಳು ಮಾಡುವ ಮೊದಲ ಕೆಲಸ ಪ್ರೀತಿಯನ್ನು ಹುಟ್ಟಿಸುವುದಲ್ಲ, ಹೇಸಿಗೆಯನ್ನೂ ಅಂಜಿಕೆಯನ್ನೂ ಅಳಿಸುವುದು. ಮರಿಗಳ ವಾಸನೆಯೇ ಮರಿ ಹಾಕದ ಇಲಿಯನ್ನು ದೂರವಿಡುತ್ತದೆ. ಆಲಿಸನ್ ಫ್ಲೆಮಿಂಗ್ ಮತ್ತು ರೋಸೆನ್‌ಬ್ಲಾಟ್ 1974ರಲ್ಲಿ ತೋರಿಸಿದಂತೆ, ವಾಸನೆ ಗ್ರಹಿಸುವ ಶಕ್ತಿಯನ್ನು ತಡೆದರೆ ಅಂತಹ ಇಲಿ ವಾರವೆಲ್ಲ ಕಾಯದೆ ಬಹಳ ಬೇಗ ಮರಿಗಳನ್ನು ಒಪ್ಪಿಕೊಳ್ಳುತ್ತದೆ. ಹೆತ್ತ ತಾಯಿಗಾದರೋ ಅದೇ ವಾಸನೆ ಹತ್ತಿರಕ್ಕೆ ಸೆಳೆಯುವ ವಾಸನೆ.

ಮಿದುಳಿನ ಒಂದು ಪುಟ್ಟ ತಾಣ

ರಕ್ತದಲ್ಲಿರುವ ಹಾರ್ಮೋನು ವರ್ತನೆಯನ್ನು ಬದಲಿಸಬೇಕಾದರೆ ಮಿದುಳಿನಲ್ಲಿ ಅದನ್ನು ಗುರುತಿಸಿ ಹಿಡಿಯುವ ಗ್ರಾಹಕಗಳಿರಬೇಕು. ಮಿದುಳಿನ ತಳಭಾಗದಲ್ಲಿ, ಹಸಿವು, ನೀರಡಿಕೆ, ದೇಹದ ಉಷ್ಣತೆ ಮೊದಲಾದವುಗಳನ್ನು ನಿಯಂತ್ರಿಸುವ ಹೈಪೋಥಲಾಮಸ್ ಎಂಬ ಅಂಗವಿದೆ. ಅದರ ಮುಂಭಾಗಕ್ಕೆ ತಾಗಿಕೊಂಡಿರುವ ಮಧ್ಯ ಪ್ರಿಆಪ್ಟಿಕ್ ವಲಯವನ್ನು ಕೆಡಿಸಿದರೆ ತಾಯಿ ಇಲಿ ಮರಿಗಳನ್ನು ಎತ್ತಿ ತರುವುದನ್ನೂ ಗೂಡು ಕಟ್ಟುವುದನ್ನೂ ಬಿಟ್ಟುಬಿಡುತ್ತದೆ ಎಂದು ಮೈಕೇಲ್ ನ್ಯೂಮನ್ 1974ರಲ್ಲಿ ತೋರಿಸಿದರು. ಇದೇ ವಲಯಕ್ಕೆ ಈಸ್ಟ್ರೋಜನ್ನನ್ನು ನೇರವಾಗಿ ತಲುಪಿಸಿದಾಗ ಮರಿಗಳನ್ನು ಸಾಕುವ ವರ್ತನೆ ಬೇಗ ಮೂಡಿತು. 1990ರಲ್ಲಿ ರಾಬರ್ಟ್ ಬ್ರಿಜಸ್ ಮತ್ತು ಸಂಗಡಿಗರು ಪ್ರೊಲ್ಯಾಕ್ಟಿನ್ನನ್ನು ಮಿದುಳಿಗೆ ನೀಡಿಯೂ ಇಂತಹುದೇ ಫಲ ಪಡೆದರು.

ಪ್ರೊಲ್ಯಾಕ್ಟಿನ್ ಎಂದರೆ ಹಾಲು ಉತ್ಪತ್ತಿಯ ಹಾರ್ಮೋನು ಎಂದಷ್ಟೇ ಪಠ್ಯಪುಸ್ತಕಗಳು ಹೇಳುತ್ತಿದ್ದ ಕಾಲವಿತ್ತು. ಅದರ ಕೆಲಸ ಕೆಚ್ಚಲಿನಲ್ಲಿ ಮಾತ್ರವಲ್ಲ, ಮಿದುಳಿನಲ್ಲಿಯೂ ಇದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದ ಸಂಶೋಧಕರು 2017ರಲ್ಲಿ ಪ್ರಿಆಪ್ಟಿಕ್ ವಲಯದಲ್ಲಿ ಮಾತ್ರ ಪ್ರೊಲ್ಯಾಕ್ಟಿನ್ ಗ್ರಾಹಕಗಳನ್ನು ಇಲ್ಲವಾಗಿಸಿದರು. ಆ ಸುಂಡಿಲಿಗಳು ಮರಿಗಳನ್ನು ಹೆತ್ತವು, ಆದರೆ ಒಂದು ದಿನದೊಳಗೆ ಅವುಗಳನ್ನು ತೊರೆದವು.

ಆಕ್ಸಿಟೋಸಿನ್: ಗರ್ಭಕೋಶದಿಂದ ಮಿದುಳಿಗೆ

ಈ ದ್ರವ್ಯಗಳಲ್ಲೆಲ್ಲ ಹೆಚ್ಚು ಹೆಸರಾದುದು ಆಕ್ಸಿಟೋಸಿನ್. ಪಿಟ್ಯುಟರಿ ಗ್ರಂಥಿಯ ಸಾರವು ಗರ್ಭಕೋಶವನ್ನು ಸಂಕುಚಿಸುವಂತೆ ಮಾಡುತ್ತದೆಂದು ಇಂಗ್ಲೆಂಡಿನ ಹೆನ್ರಿ ಡೇಲ್ 1906ರಲ್ಲಿ ಕಂಡುಕೊಂಡರು. ಅದು 9 ಅಮೈನೋ ಆಮ್ಲಗಳ ಸಣ್ಣ ಸರಪಣಿ. ಅಮೆರಿಕದ ವಿನ್ಸೆಂಟ್ ಡು ವಿಗ್ನೋ 1953ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿ, 1955ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಪಡೆದರು. ಹೆರಿಗೆಯಾದ ಬಳಿಕ ರಕ್ತಸ್ರಾವವನ್ನು ತಡೆಯಲು ಆಸ್ಪತ್ರೆಗಳಲ್ಲಿ ನೀಡುವ ಚುಚ್ಚುಮದ್ದು ಇದೇ. ಕರು ಬಾಯಿ ಹಾಕಿದೊಡನೆ ಹಸು ಹಾಲು ಬಿಡುವುದೂ ಇದರ ಪ್ರಭಾವದಿಂದಲೇ. ಭಾರತದಲ್ಲಿ ಈ ಗುಣವನ್ನು ಹಾಲು ಕರೆಯುವಾಗ ದುರುಪಯೋಗಪಡಿಸಿಕೊಳ್ಳುತ್ತಿದ್ದ ಕಾರಣ, 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವು ದೇಶದೊಳಗಿನ ಬಳಕೆಗಾಗಿ ಇದರ ತಯಾರಿಕೆಯನ್ನು ಬೆಂಗಳೂರಿನ ಸಾರ್ವಜನಿಕ ಉದ್ಯಮವಾದ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಸಂಸ್ಥೆಗೆ ಮಾತ್ರ ಸೀಮಿತಗೊಳಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು. ಬಾಣಂತಿಯ ಪ್ರಾಣ ಉಳಿಸುವ ಔಷಧದ ಪೂರೈಕೆಗೆ ಅಡ್ಡಿಯಾಗಬಾರದೆಂಬುದೇ ಆ ವಿವಾದದ ತಿರುಳಾಗಿತ್ತು.

ರಕ್ತಕ್ಕೆ ಸೇರಿದ ಆಕ್ಸಿಟೋಸಿನ್ ಮಿದುಳಿನೊಳಕ್ಕೆ ಸುಲಭವಾಗಿ ಪ್ರವೇಶಿಸಲಾರದು. ಆದರೆ ಅದನ್ನು ತಯಾರಿಸುವ ಹೈಪೋಥಲಾಮಸಿನ ನರಕೋಶಗಳು ಅದನ್ನು ಮಿದುಳಿನೊಳಗೂ ಬಿಡುಗಡೆ ಮಾಡುತ್ತವೆ. 1979ರಲ್ಲಿ ಕಾರ್ಟ್ ಪೆಡರ್ಸನ್ ಮತ್ತು ಆರ್ಥರ್ ಪ್ರಾಂಜ್ ಎಂಬ ಅಮೆರಿಕದ ವಿಜ್ಞಾನಿಗಳು, ಮರಿ ಹಾಕದ ಇಲಿಗಳ ಮಿದುಳಿನ ಕುಹರದೊಳಕ್ಕೆ ಆಕ್ಸಿಟೋಸಿನ್ನನ್ನು ನೇರವಾಗಿ ಸೇರಿಸಿದರು. ಈಸ್ಟ್ರೋಜನ್ ಪ್ರಭಾವದಲ್ಲಿದ್ದ ಇಲಿಗಳಲ್ಲಿ ಅನೇಕವು ಎರಡು ಗಂಟೆಯೊಳಗೆ ಮರಿಗಳನ್ನು ಎತ್ತಿ ತಂದು ಸಾಕತೊಡಗಿದವು. ಈ ಫಲ ಎಲ್ಲ ಪ್ರಯೋಗಾಲಯಗಳಲ್ಲಿಯೂ ಪುನರಾವರ್ತನೆಯಾಗಲಿಲ್ಲ. ಇಲಿಯ ತಳಿ, ಪಂಜರದ ಹೊಸತನ, ಮೂಗಿನ ಸ್ಥಿತಿ ಎಲ್ಲವೂ ಫಲಿತಾಂಶವನ್ನು ಬದಲಿಸುತ್ತಿದ್ದವು. ಹೀಗಿದ್ದರೂ ಆಕ್ಸಿಟೋಸಿನ್ ಜನಪ್ರಿಯ ಬರಹಗಳಲ್ಲಿ 'ಪ್ರೀತಿಯ ಹಾರ್ಮೋನು' ಎಂಬ ಬಿರುದನ್ನು ಪಡೆದುಬಿಟ್ಟಿತು. ವಿಜ್ಞಾನದ ದೃಷ್ಟಿಯಿಂದ ಇದು ಅವಸರದ ಬಿರುದು.

ಅದರ ಕೆಲಸ ಎಷ್ಟು ಸೂಕ್ಷ್ಮವೆಂಬುದನ್ನು ತಿಳಿಯಲು ಮರಿಯ ಕೂಗನ್ನು ಗಮನಿಸಬಹುದು. ಗೂಡಿನಿಂದ ಹೊರಬಿದ್ದ ಸುಂಡಿಲಿ ಮರಿ ಮನುಷ್ಯನ ಕಿವಿಗೆ ನಿಲುಕದ ಶ್ರವಣಾತೀತ ಧ್ವನಿಯಲ್ಲಿ ಕೂಗುತ್ತದೆ. ತಾಯಿ ಆ ಕೂಗನ್ನು ಕೇಳಿ ಓಡಿಬರುತ್ತದೆ; ಮರಿ ಹಾಕದ ಹೆಣ್ಣಿಗೆ ಅದೊಂದು ಅರ್ಥವಿಲ್ಲದ ಸದ್ದು. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಬಿಯಾಂಕಾ ಮಾರ್ಲಿನ್, ರಾಬರ್ಟ್ ಫ್ರೋಮ್ಕೆ ಮತ್ತು ಸಂಗಡಿಗರು 2015ರಲ್ಲಿ ವರದಿ ಮಾಡಿದ ಪ್ರಕಾರ, ಮಿದುಳಿನ ಎಡಭಾಗದ ಶ್ರವಣ ವಲಯದಲ್ಲಿ ಆಕ್ಸಿಟೋಸಿನ್ ಕೆಲಸ ಮಾಡಿದಾಗ ಆ ಸದ್ದಿಗೆ ಅಲ್ಲಿನ ನರಕೋಶಗಳು ಸ್ಪಷ್ಟವಾಗಿ ಸ್ಪಂದಿಸತೊಡಗುತ್ತವೆ, ಹೆಣ್ಣು ಮರಿಯನ್ನು ಎತ್ತಿ ತರಲು ಬೇಗ ಕಲಿಯುತ್ತದೆ. ಅದೇ ವಿಶ್ವವಿದ್ಯಾನಿಲಯದಿಂದ 2021ರಲ್ಲಿ ಬಂದ ವರದಿ ಇನ್ನೂ ಸ್ವಾರಸ್ಯಕರ. ಒಂದೇ ಪಂಜರದಲ್ಲಿರುವ ತಾಯಿ ಸುಂಡಿಲಿಯು ಮರಿ ಹಾಕದ ಹೆಣ್ಣನ್ನು ಗೂಡಿನತ್ತ ಅಟ್ಟಿಕೊಂಡು ಹೋಗುವುದು ಕಂಡುಬಂದಿತು. ಪಾರದರ್ಶಕ ತಡೆಯ ಆಚೆಯಿಂದ ತಾಯಿಯ ಕೆಲಸವನ್ನು ನೋಡುತ್ತಿದ್ದ ಹೆಣ್ಣುಗಳೂ ಕೆಲವು ದಿನಗಳಲ್ಲಿ ಮರಿಗಳನ್ನು ಎತ್ತಲು ಕಲಿತವು. ಇಲ್ಲಿ ಆಕ್ಸಿಟೋಸಿನ್ ಮಾಡಿದ್ದು ಪ್ರೀತಿಯನ್ನು ಎರೆಯುವ ಕೆಲಸವಲ್ಲ, ಗಮನವನ್ನು ಮರಿಯತ್ತ ತಿರುಗಿಸುವ ಕೆಲಸ.

ಹೆರಿಗೆಯ ಹಾರ್ಮೋನುಗಳ ಅಬ್ಬರ ಒಂದೆರಡು ದಿನಗಳಲ್ಲಿ ಇಳಿಯುತ್ತದೆ, ಆದರೆ ತಾಯಿ ಮೂರು ವಾರ ಮರಿಗಳನ್ನು ಸಾಕುತ್ತದೆ. ಆ ಹೊತ್ತಿಗೆ ಅದನ್ನು ಹಿಡಿದಿಡುವವು ಮರಿಗಳೇ. ಹೆತ್ತೊಡನೆ ಮರಿಗಳನ್ನು ತೆಗೆದುಬಿಟ್ಟರೆ ತಾಯಿಯ ಒಲವು ಕೆಲವು ದಿನಗಳಲ್ಲಿ ಮಾಸಿಹೋಗುತ್ತದೆ. ಹೆರಿಗೆಯ ವೇಳೆ ಅಲ್ಪಕಾಲ ಅವುಗಳ ಜೊತೆ ಇದ್ದಿದ್ದರೂ ಸಾಕು, ವಾರಗಳ ಬಳಿಕ ಬೇರೆ ಮರಿಗಳನ್ನು ಕಂಡಾಗ ಬೇಗನೆ ಎತ್ತಿಕೊಳ್ಳುತ್ತದೆ. ಆ ಸೆಳೆತದ ಬಲವನ್ನು ರಟ್ಗರ್ಸ್ ವಿಶ್ವವಿದ್ಯಾನಿಲಯದಲ್ಲಿ ಒಂದು ವಿಚಿತ್ರ ರೀತಿಯಲ್ಲಿ ಅಳೆದರು. 2001ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಮರಿಗಳು ದೊರೆತಿದ್ದ ಕೋಣೆ ಮತ್ತು ಕೊಕೇನ್ ದೊರೆತಿದ್ದ ಕೋಣೆ, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲು ತಾಯಿ ಇಲಿಗಳನ್ನು ಬಿಡಲಾಯಿತು. ಹೆರಿಗೆಯಾದ 8ನೆಯ ದಿನ ಹೆಚ್ಚಿನ ತಾಯಿಯರು ಮರಿಗಳ ಕೋಣೆಯನ್ನೇ ಆರಿಸಿದವು. 16ನೆಯ ದಿನ, ಮರಿಗಳು ಬೆಳೆದು ತಾವಾಗಿ ಓಡಾಡುವ ಹೊತ್ತಿಗೆ, ಒಲವು ಕೊಕೇನಿನ ಕಡೆಗೆ ತಿರುಗಿತ್ತು.

ಆಕ್ರೋಶದ ಮೂಲ

ಸಾಮಾನ್ಯ ದಿನಗಳಲ್ಲಿ ಹೆಣ್ಣು ಸುಂಡಿಲಿ ಹೊಸಬರೊಡನೆ ಕಾದಾಡುವುದು ಅಪರೂಪ. ಹಾಲೂಡಿಸುವ ದಿನಗಳಲ್ಲಿ, ಅದರಲ್ಲೂ ಮೊದಲ ಒಂದೆರಡು ವಾರ, ಗೂಡಿನ ಬಳಿಗೆ ಬಂದ ಅಪರಿಚಿತ ಗಂಡಿನ ಮೇಲೆ ಅದು ಎಚ್ಚರಿಕೆಯ ಚಿಹ್ನೆಯನ್ನೂ ತೋರದೆ ಎರಗುತ್ತದೆ. ತನಗಿಂತ ದೊಡ್ಡ ಗಂಡನ್ನೂ ಅದು ಲೆಕ್ಕಿಸುವುದಿಲ್ಲ. ಇದಕ್ಕೆ ಕಾರಣವಿದೆ: ಅಪರಿಚಿತ ಗಂಡುಗಳು ಮರಿಗಳನ್ನು ಕೊಲ್ಲುವುದು ದಂಶಕಗಳಲ್ಲಿ ಸಾಮಾನ್ಯ.

ಈ ಆಕ್ರೋಶ ಎಲ್ಲಿಂದ ಏಳುತ್ತದೆಂಬುದನ್ನು 1970ರ ದಶಕದಲ್ಲಿ ಬ್ರೂಸ್ ಸ್ವೇರ್ ಮತ್ತು ರೊನಾಲ್ಡ್ ಗಾಂಡೆಲ್ಮನ್ ಹಂತ ಹಂತವಾಗಿ ಬಿಡಿಸಿದರು. ತಾಯಿಯಿಂದ ಮರಿಗಳನ್ನು ಸುಮಾರು 5 ಗಂಟೆ ಕಾಲ ದೂರವಿಟ್ಟಾಗ ಆಕ್ರೋಶ ಕಾಣೆಯಾಗುತ್ತಿತ್ತು. ಹಿಂದಿರುಗಿಸಿದ ಕೆಲವೇ ನಿಮಿಷಗಳಲ್ಲಿ ಮರಳಿ ಬರುತ್ತಿತ್ತು. ಗರ್ಭಧಾರಣೆಗೆ ಮೊದಲೇ ಮೊಲೆತೊಟ್ಟುಗಳನ್ನು ಶಸ್ತ್ರಕ್ರಿಯೆಯಿಂದ ತೆಗೆದಿದ್ದ ಸುಂಡಿಲಿಗಳು ಮರಿಗಳನ್ನು ಎಂದಿನಂತೆ ನೆಕ್ಕಿ ನೋಡಿಕೊಂಡವು, ಆದರೆ ಹೊರಗಿನ ಗಂಡಿನ ಮೇಲೆ ಎರಗಲಿಲ್ಲ. ಮರಿಗಳು ತೊಟ್ಟನ್ನು ಚೀಪುವ ಸ್ಪರ್ಶವೇ ತಾಯಿಯನ್ನು ಕಾವಲುಗಾರ್ತಿಯನ್ನಾಗಿ ಮಾಡುತ್ತದೆಂಬುದು ಇದರಿಂದ ತಿಳಿಯಿತು. ಅಕ್ಕರೆ ಮತ್ತು ಆಕ್ರೋಶ ಒಂದೇ ಬಳ್ಳಿಯ ಎರಡು ಕವಲುಗಳಾದರೂ ಒಂದನ್ನು ಕತ್ತರಿಸಿ ಇನ್ನೊಂದನ್ನು ಉಳಿಸಬಹುದು ಎಂಬುದಕ್ಕೆ ಇದು ಮೊದಲ ಬಲವಾದ ಸಾಕ್ಷ್ಯ.

ಎರಡನೆಯ ಸಾಕ್ಷ್ಯ ಮಿದುಳಿನ ರಸಾಯನದಿಂದ ಬಂದಿತು. ಸಂಕಟದ ಸಮಯದಲ್ಲಿ ದೇಹವನ್ನು ಕಟ್ಟೆಚ್ಚರಕ್ಕೆ ತರುವ ಕಾರ್ಟಿಕೊಟ್ರೋಪಿನ್ ಬಿಡುಗಡೆಕಾರಕ ಎಂಬ ಹಾರ್ಮೋನು ಮಿದುಳಿನಲ್ಲಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸ್ಟೀಫನ್ ಗ್ಯಾಮಿ ಮತ್ತು ಸಂಗಡಿಗರು 2004ರಲ್ಲಿ ಇದನ್ನು ತಾಯಿ ಸುಂಡಿಲಿಗಳ ಮಿದುಳಿಗೆ ಸೇರಿಸಿದಾಗ ಅವುಗಳ ಆಕ್ರೋಶ ಅಡಗಿತು. ಮರಿಗಳನ್ನು ಎತ್ತಿ ತರುವ ಕೆಲಸಕ್ಕೆ ಮಾತ್ರ ಕುಂದು ಬರಲಿಲ್ಲ. ಬಾಣಂತಿತನದಲ್ಲಿ ಭಯದ ಈ ವ್ಯವಸ್ಥೆ ಮಂದವಾಗಿರುವುದರಿಂದಲೇ ಪುಟ್ಟ ಪ್ರಾಣಿಯೊಂದು ದೊಡ್ಡ ಶತ್ರುವಿನ ಮೇಲೆ ಬೀಳಲು ಅಳುಕುವುದಿಲ್ಲ ಎಂಬುದು ಇದರ ಅರ್ಥ. ಗಂಡಿನ ಕದನವೂ ತಾಯಿಯ ಕದನವೂ ಒಂದೇ ಅಲ್ಲವೆಂಬುದನ್ನು ಗ್ಯಾಮಿ ಇದಕ್ಕೆ ಮೊದಲೇ, 1999ರಲ್ಲಿ, ರ‍್ಯಾಂಡಿ ನೆಲ್ಸನ್ ಅವರೊಡನೆ ತೋರಿಸಿದ್ದರು. ನರಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಜೀನ್ ಇಲ್ಲದ ಗಂಡು ಸುಂಡಿಲಿಗಳು ಅತಿಯಾಗಿ ಜಗಳಗಂಟಿಗಳಾಗುತ್ತವೆ; ಅದೇ ಜೀನ್ ಇಲ್ಲದ ತಾಯಿಯರು ತದ್ವಿರುದ್ಧವಾಗಿ ಮೆತ್ತಗಾಗುತ್ತವೆ.

ಇನ್ನು ಆಕ್ಸಿಟೋಸಿನ್ನಿನ ಇನ್ನೊಂದು ಮುಖ. ಜರ್ಮನಿಯ ರೇಗನ್ಸ್‌ಬುರ್ಗ್ ವಿಶ್ವವಿದ್ಯಾನಿಲಯದ ಆಲಿವರ್ ಬಾಶ್ ಮತ್ತು ಇಂಗಾ ನಾಯ್ಮನ್, ಆತಂಕದ ಸ್ವಭಾವ ಹೆಚ್ಚಿರುವ ಇಲಿಗಳ ತಳಿಯೊಂದನ್ನೂ ಕಡಿಮೆಯಿರುವ ತಳಿಯೊಂದನ್ನೂ ಬಳಸಿ ತಾಯಿಯರ ಕಾಳಗವನ್ನು ಅಭ್ಯಸಿಸಿದರು. ಅತಿ ಸೂಕ್ಷ್ಮ ಕೊಳವೆಯ ಮೂಲಕ ಮಿದುಳಿನ ದ್ರವವನ್ನು ತೆಗೆದು ನೋಡಿದಾಗ, ಹೊಸಬಳ ಮೇಲೆ ಎರಗುತ್ತಿರುವ ಹೊತ್ತಿನಲ್ಲಿಯೇ ಆತಂಕದ ತಳಿಯ ತಾಯಿಯ ಹೈಪೋಥಲಾಮಸಿನಲ್ಲಿಯೂ, ಭಯದ ಕೇಂದ್ರವಾದ ಅಮಿಗ್ಡಲದಲ್ಲಿಯೂ ಆಕ್ಸಿಟೋಸಿನ್ ಹೆಚ್ಚುವುದು 2005ರಲ್ಲಿ ಕಂಡುಬಂದಿತು. ಆಕ್ಸಿಟೋಸಿನ್ ಗ್ರಾಹಕಗಳನ್ನು ತಡೆದರೆ ಈ ತಾಯಿಯರ ಆಕ್ರೋಶ ತಗ್ಗಿತು. ಶಾಂತ ತಳಿಯ ತಾಯಿಯ ಹೈಪೋಥಲಾಮಸಿಗೆ ಆಕ್ಸಿಟೋಸಿನ್ ಸೇರಿಸಿದರೆ ಅದರ ಆಕ್ರೋಶ ಏರುವ ಒಲವು ಕಂಡಿತು. ಆಕ್ಸಿಟೋಸಿನ್ನಿಗಿಂತ ಎರಡು ಅಮೈನೋ ಆಮ್ಲಗಳಲ್ಲಿ ಮಾತ್ರ ಭಿನ್ನವಾದ ವ್ಯಾಸೊಪ್ರೆಸಿನ್ ಕೂಡ ತಾಯಿಯ ಕಾಳಗದಲ್ಲಿ ಪಾಲ್ಗೊಳ್ಳುತ್ತದೆಂದು ಇದೇ ತಂಡ ಮುಂದೆ ತೋರಿಸಿತು. ಮರಿಯತ್ತ ತಿರುಗಿದಾಗ ಅಕ್ಕರೆಯಾಗಿ ಕಾಣುವ ದ್ರವ್ಯವೇ ಶತ್ರುವಿನತ್ತ ತಿರುಗಿದಾಗ ಆಕ್ರೋಶವಾಗಿ ಕಾಣುತ್ತದೆ. ಭಯ ಮಂದವಾದರೆ ತಾಯಿ ಕಾದಾಡುತ್ತದೆಂಬ ಸುಂಡಿಲಿಯ ಫಲಿತಾಂಶಕ್ಕೂ, ಆತಂಕ ಹೆಚ್ಚಿರುವ ತಾಯಿಯೇ ಹೆಚ್ಚು ಕಾದಾಡುತ್ತದೆಂಬ ಇಲಿಯ ಫಲಿತಾಂಶಕ್ಕೂ ಪೂರ್ಣ ಹೊಂದಾಣಿಕೆಯಾಗಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಪ್ರಾಣಿ ಬೇರೆ, ತಳಿ ಬೇರೆ, ಹಾರ್ಮೋನು ಕೆಲಸ ಮಾಡುವ ತಾಣವೂ ಬೇರೆ.

ಹಾಗಾದರೆ ಆಕ್ಸಿಟೋಸಿನ್ ಇಲ್ಲವೇ ಇಲ್ಲವಾದರೆ ಏನಾಗುತ್ತದೆ? ಅದನ್ನು ತಯಾರಿಸುವ ಜೀನನ್ನು ತೆಗೆದುಹಾಕಿದ ಸುಂಡಿಲಿಗಳ ಫಲಿತಾಂಶ 1996ರಲ್ಲಿ ಪ್ರಕಟವಾದಾಗ ಅನೇಕರಿಗೆ ಆಶ್ಚರ್ಯವಾಯಿತು. ಅವು ಸುಸೂತ್ರವಾಗಿ ಹೆತ್ತವು, ಮರಿಗಳನ್ನು ಎತ್ತಿ ತಂದವು, ನೆಕ್ಕಿದವು, ಹಾಲೂಡಿಸಲು ನಿಂತವು. ಹಾಲು ಮಾತ್ರ ಹೊರಬರಲಿಲ್ಲ. ಮರಿಗಳು ಹಸಿವಿನಿಂದ ಸತ್ತವು. ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟಾಗ ಮರಿಗಳು ಬದುಕಿದವು. ಪ್ರೀತಿಯ ಹಾರ್ಮೋನು ಎನಿಸಿಕೊಂಡುದು ಇಲ್ಲದಿದ್ದರೂ ಅಕ್ಕರೆ ಉಳಿಯಿತು, ಹಾಲು ಉಳಿಯಲಿಲ್ಲ. ಜೀವಕ್ಕೆ ಇಷ್ಟು ಅಗತ್ಯವಾದ ಕಾರ್ಯವನ್ನು ಪ್ರಕೃತಿ ಒಂದೇ ದಾರಕ್ಕೆ ಕಟ್ಟಿಟ್ಟಿಲ್ಲವೆಂಬುದು ಸ್ಪಷ್ಟ.

ತಂದೆಯ ಪಾತ್ರ

ಮರಿಗಳನ್ನು ಕೊಲ್ಲುವ ಗಂಡು ಸುಂಡಿಲಿಯೇ ಮುಂದೆ ತನ್ನ ಮರಿಗಳನ್ನು ಕಾಪಾಡುತ್ತದೆ. ಹೆಣ್ಣಿನೊಡನೆ ಕೂಡಿದ ಸುಮಾರು ಮೂರು ವಾರಗಳ ಬಳಿಕ, ಅಂದರೆ ಸರಿಯಾಗಿ ತನ್ನ ಮರಿಗಳು ಹುಟ್ಟಬಹುದಾದ ಹೊತ್ತಿಗೆ, ಅದರ ಕೊಲ್ಲುವ ಪ್ರವೃತ್ತಿ ಅಡಗುತ್ತದೆಂದು ಫ್ರೆಡರಿಕ್ ವಾಮ್ ಸಾಲ್ 1980ರ ದಶಕದಲ್ಲಿ ತೋರಿಸಿದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕ್ಯಾಥರೀನ್ ಡುಲಾಕ್ ಅವರ ತಂಡ 2014ರಲ್ಲಿ, ಮೇಲೆ ಹೇಳಿದ ಪ್ರಿಆಪ್ಟಿಕ್ ವಲಯದಲ್ಲಿಯೇ ಗ್ಯಾಲನಿನ್ ಎಂಬ ದ್ರವ್ಯವನ್ನು ತಯಾರಿಸುವ ನರಕೋಶಗಳ ಗುಂಪೊಂದನ್ನು ಗುರುತಿಸಿತು. ಬೆಳಕಿನ ಮೂಲಕ ಅವುಗಳನ್ನು ಚುರುಕುಗೊಳಿಸಿದಾಗ, ಕೊಲ್ಲಲು ಹೊರಟ ಗಂಡು ನಿಂತು ಮರಿಯನ್ನು ನೆಕ್ಕತೊಡಗಿತು. ಅವುಗಳನ್ನು ನಾಶಮಾಡಿದಾಗ ತಾಯಿಯೂ ತಂದೆಯೂ ಮರಿಗಳನ್ನು ಕಡೆಗಣಿಸಿದವು.

ಮನುಷ್ಯರ ವಿಷಯದಲ್ಲಿ

ಇಲಿಯ ಮಿದುಳಿನಿಂದ ಮನುಷ್ಯನ ಮನೆಗೆ ನೇರವಾಗಿ ಹಾರುವುದು ಸರಿಯಲ್ಲ. ಹೆತ್ತವಳಲ್ಲದಿದ್ದರೂ ಸಾಕುತಾಯಿ, ಅಜ್ಜಿ, ತಂದೆ ಮಗುವನ್ನು ಬೆಳೆಸುವುದು ಮನುಷ್ಯರಲ್ಲಿ ನಿತ್ಯದ ಸಂಗತಿ. ಭಾಷೆ, ಕುಟುಂಬ, ಬಡತನ, ನಿದ್ರೆ ಎಲ್ಲವೂ ಅಲ್ಲಿ ಪಾತ್ರ ವಹಿಸುತ್ತವೆ. ಹಾಗಿದ್ದರೂ ಒಂದು ವಿಷಯದಲ್ಲಿ ಇಲಿಯ ಅಧ್ಯಯನ ಬಾಣಂತಿಯರ ಹಾಸಿಗೆಯವರೆಗೆ ಬಂದಿದೆ. ಪ್ರೊಜೆಸ್ಟರಾನ್‌ನಿಂದ ದೇಹದಲ್ಲಿ ಅಲೋಪ್ರೆಗ್ನನೊಲೋನ್ ಎಂಬ ದ್ರವ್ಯ ತಯಾರಾಗಿ, ಮಿದುಳಿನ ಉದ್ವೇಗವನ್ನು ಶಮನಗೊಳಿಸುವ ಗಾಬಾ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ. ಬಸುರಿನಲ್ಲಿ ಅದು ಏರಿ, ಹೆರಿಗೆಯೊಡನೆ ಕುಸಿಯುತ್ತದೆ. ಈ ಏರಿಳಿತಕ್ಕೆ ಹೊಂದಿಕೊಳ್ಳಲಾರದಂತೆ ಗ್ರಾಹಕದ ಒಂದು ಭಾಗವನ್ನು ತೆಗೆದುಹಾಕಿದ ಸುಂಡಿಲಿಗಳನ್ನು ಜೇಮಿ ಮ್ಯಾಗ್ವೈರ್ ಮತ್ತು ಇಸ್ಟ್ವಾನ್ ಮೋಡಿ 2008ರಲ್ಲಿ ವಿವರಿಸಿದರು. ಅವು ಹೆರಿಗೆಯ ಬಳಿಕ ಖಿನ್ನತೆಯನ್ನು ಹೋಲುವ ಲಕ್ಷಣಗಳನ್ನು ತೋರಿದವು, ಮರಿಗಳನ್ನು ಕಡೆಗಣಿಸಿದವು, ಕೆಲವು ತಿಂದೂಬಿಟ್ಟವು. ಆ ಗ್ರಾಹಕವನ್ನು ಪ್ರಚೋದಿಸುವ ಔಷಧ ನೀಡಿದಾಗ ಹೆಚ್ಚು ಮರಿಗಳು ಬದುಕಿದವು.

ಅಲೋಪ್ರೆಗ್ನನೊಲೋನನ್ನೇ ಬಾಣಂತಿ ಖಿನ್ನತೆಗೆ ಔಷಧವಾಗಿ ಅಮೆರಿಕವು 2019ರಲ್ಲಿ ಅಂಗೀಕರಿಸಿತು. ಅದನ್ನು ಆಸ್ಪತ್ರೆಯಲ್ಲಿಟ್ಟು 60 ಗಂಟೆ ಕಾಲ ರಕ್ತನಾಳದ ಮೂಲಕ ಕೊಡಬೇಕಾಗಿತ್ತು. ಅದೇ ಬಗೆಯ, 14 ದಿನ ಬಾಯಿಯ ಮೂಲಕ ಸೇವಿಸುವ ಜುರಾನೊಲೋನ್ ಎಂಬ ಔಷಧಕ್ಕೆ 2023ರಲ್ಲಿ ಅಲ್ಲಿ ಅನುಮತಿ ದೊರೆಯಿತು. ಹೆರಿಗೆಯ ಬಳಿಕ ಕೆಲವು ದಿನ ಮನಸ್ಸು ಕಲಕುವುದು, ಅಳು ಬರುವುದು ಬಹಳ ಮಂದಿ ತಾಯಂದಿರಲ್ಲಿ ಸಹಜ. ಅದು ಎರಡು ವಾರ ಮೀರಿ ಉಳಿದರೆ, ಮಗುವಿನ ಮೇಲೆ ಆಸಕ್ತಿಯೇ ಹುಟ್ಟದಿದ್ದರೆ, ತನಗೋ ಮಗುವಿಗೋ ಕೇಡು ಮಾಡಿಕೊಳ್ಳುವ ಆಲೋಚನೆ ಬಂದರೆ, ಅದನ್ನು ತಾಯಿಯ ತಪ್ಪೆಂದಾಗಲಿ, ಪ್ರೀತಿಯ ಕೊರತೆಯೆಂದಾಗಲಿ ತಿಳಿಯದೆ, ರಕ್ತಸ್ರಾವಕ್ಕೋ ಜ್ವರಕ್ಕೋ ವೈದ್ಯರನ್ನು ಕಾಣುವಂತೆಯೇ ತಡಮಾಡದೆ ಕಾಣಬೇಕು. ಕೇಂದ್ರ ಆರೋಗ್ಯ ಸಚಿವಾಲಯವು 2022ರ ಅಕ್ಟೋಬರ್ 10ರಂದು ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ ನಡೆಯುವ ಟೆಲಿ ಮಾನಸ್ ಸೇವೆಯನ್ನು ದೇಶದ ಯಾವುದೇ ಊರಿನಿಂದ 14416 ಸಂಖ್ಯೆಗೆ ಕರೆಮಾಡಿ ಉಚಿತವಾಗಿ ಪಡೆಯಬಹುದು; ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.